ಮನೆಗೆ ಮರಳಿದ ಸಿದ್ದಬಸಪ್ಪ

ಶಿವಗಂಗಮ್ಮನ ಮನೆಯಲ್ಲಿ ಮೊದಲ ತಟ್ಟೆ ಏಳು ವರ್ಷದ ಹುಡುಗನದು. ಅವನ ಅಪ್ಪ ಜಂಬಣ್ಣ ಆಫೀಸಿಗೆ ಹೊತ್ತಾಯಿತೆಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತೇ ಇರುತ್ತಿದ್ದ. ಹುಡುಗ ಸಿದ್ದು ಮಾತ್ರ ಮರದ ಕೈಕುರ್ಚಿಯಲ್ಲಿ ಕೂತು, ನೆಲಕ್ಕೆ ಎಟುಕದ ಕಾಲನ್ನು ಆಡಿಸುತ್ತ, ರೊಟ್ಟಿಯ ಅಂಚು ಗಟ್ಟಿಯಾಗಿದೆ ಎಂದು ಪಕ್ಕಕ್ಕೆ ತಳ್ಳಿದರೆ ಒಳಗೆ ಇನ್ನೊಂದು ರೊಟ್ಟಿ ಬೇಯುತ್ತಿತ್ತು. ಬಡಿಸುವವಳು ಅವನ ತಾಯಿ ಜಯದೇವಿಯಲ್ಲ, ದೊಡ್ಡಮ್ಮ ಗಿರಿಜಾದೇವಿ. ಏಕೆಂದರೆ ಶಿವಗಂಗಮ್ಮನ ಪ್ರಕಾರ ಆ ಹುಡುಗ ಗಿರಿಜೆಯ ಗಂಡ.

ಇದು ಎಪ್ಪತ್ತೇಳರ ಮಾತು. ಗಿರಿಜೆಯ ನಿಜವಾದ ಗಂಡ, ಶಿವಗಂಗಮ್ಮನ ಹಿರಿಯ ಮಗ ಸಿದ್ದಬಸಪ್ಪ, ಅರವತ್ತೊಂಬತ್ತರಲ್ಲೇ ಮಾಗಡಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದ. ಸೈಕಲ್ಲು ನಜ್ಜುಗುಜ್ಜಾಗಿತ್ತು. ಹೆಣ ರಾಜಾಜಿನಗರದ ಮನೆಗೆ ಬಂದಾಗ ಶಿವಗಂಗಮ್ಮ ಅಳಲಿಲ್ಲ. "ಆ ಕಡೆ ಯಾಕೆ ಹೋಗಿದ್ದ? ಅವನ ಫ್ಯಾಕ್ಟರಿ ಈ ಕಡೆ ಇರೋದು. ಯಾಕೆ ಹೋಗಿದ್ದ ಹೇಳ್ರೋ" ಎಂದು ಒಂದೇ ಸಮ ಕೇಳುತ್ತಿದ್ದರು. ಆ ದನಿ ತಡೆಯಲಾರದೆ ಜಂಬಣ್ಣನ ಬಾಯಿಂದ ಒಂದು ಮಾತು ಬಂತು. "ಕೆಂಗೇರಿಗೆ ಕಣವ್ವ. ಅಲ್ಲಿ ನಾಟಿ ವೈದ್ಯರ ಹತ್ರ ನಿನ್ನ ಮಂಡಿನೋವಿಗೆ ಎಣ್ಣೆ ತರೋಕೆ ಹೊರಟಿದ್ದ."

ಅದು ಸುಳ್ಳು. ಸಿದ್ದಬಸಪ್ಪ ಹೊರಟಿದ್ದುದು ವಿಜಯನಗರಕ್ಕೆ, ಬಾಡಿಗೆ ಮನೆ ನೋಡುವುದಕ್ಕೆ. ಮದುವೆಯಾದ ಹೊಸದರಲ್ಲೇ ಅವರ ಕೋಣೆಯ ಚಿಲಕವನ್ನು ಶಿವಗಂಗಮ್ಮ ಆಚಾರಿಯನ್ನು ಕರೆಸಿ ಬಿಚ್ಚಿಸಿದ್ದರು. ಮಗನ ಕೋಣೆಗೆ ತಾನು ಬಾಗಿಲು ತಟ್ಟಿ ಹೋಗಬೇಕೇ ಎಂಬುದು ಅವರ ಪ್ರಶ್ನೆ. ಆಮೇಲಿನ ಒಂದೂವರೆ ವರ್ಷ ಸಿದ್ದಬಸಪ್ಪ ಪಿಸುದನಿಯಲ್ಲಿ ಹೆಂಡತಿಗೆ ಹೇಳಿದ್ದೆಲ್ಲ ಬೇರೆ ಮನೆಯ ವಿಷಯವೇ. ಇದು ಗಿರಿಜೆಗೂ ಗೊತ್ತಿತ್ತು, ಜಂಬಣ್ಣನಿಗೂ ಗೊತ್ತಿತ್ತು. ಹೆಣದ ಎದುರಿಗೆ ಮೈದುನ ಹೇಳಿದ ಸುಳ್ಳನ್ನು ಗಿರಿಜೆ ತಡೆಯಲಿಲ್ಲ. ಅತ್ತೆ ಅದನ್ನು ಕೇಳಿದ ಮೇಲೆಯೇ ಬಾಯಿಬಿಟ್ಟು ಅತ್ತರು.

ಮಗ ತನಗಾಗಿಯೇ ಸತ್ತ ಎಂದ ಮೇಲೆ ತನ್ನ ಹತ್ತಿರಕ್ಕೇ ಮರಳಿ ಬರುತ್ತಾನೆ ಎಂದು ನಂಬಲು ಶಿವಗಂಗಮ್ಮನಿಗೆ ಬಹಳ ಕಾಲ ಬೇಕಾಗಲಿಲ್ಲ. ಮರುವರ್ಷ ಜಯದೇವಿಗೆ ಗಂಡುಮಗು ಹುಟ್ಟಿತು. ಎಡಗಿವಿಯ ಕೆಳಗೆ ಸಿದ್ದಬಸಪ್ಪನಿಗೆ ಇದ್ದ ಜಾಗದಲ್ಲೇ ಒಂದು ಮಚ್ಚೆ. ಲಿಂಗೈಕ್ಯನಾದವನಿಗೆ ಮರುಹುಟ್ಟು ಎಲ್ಲಿಯದು ಎಂದು ಹೇಳಲು ಮನೆಯ ಅಯ್ಯನವರಾದ ಗುರುಸಿದ್ದಯ್ಯ ಬಾಯಿ ತೆರೆದರು. ಆದರೆ ಮಗುವನ್ನು ಎದೆಗವಚಿಕೊಂಡು ನಿಂತಿದ್ದ ಆ ಹೆಂಗಸಿನ ಮುಖ ನೋಡಿ, "ಶಿವನ ಇಚ್ಛೆ ಇದ್ರೆ ಏನು ಬೇಕಾದ್ರೂ ಆಗುತ್ತಮ್ಮ" ಎಂದು ವಿಭೂತಿ ಹಚ್ಚಿ ಎದ್ದರು. ಜಂಬಣ್ಣನಂತೂ ಹಿಗ್ಗಿದ. ವರ್ಷದಿಂದ ಸರಿಯಾಗಿ ಅನ್ನ ಮುಟ್ಟದಿದ್ದ ತಾಯಿ ಅಂದು ಎರಡು ಸಲ ಬಡಿಸಿಕೊಂಡು ಉಂಡಿದ್ದರು. "ಅವ್ವ ಹೀಗೆ ಅಂದ್ಕೊಂಡ್ರೆ ಯಾರಿಗೇನು ನಷ್ಟ ಅತ್ತಿಗೆ?" ಎಂದು ಅವನು ಗಿರಿಜೆಯನ್ನು ಕೇಳಿದ.

ಗಿರಿಜೆಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು. ನಾಮಕರಣದ ದಿನ ಅತ್ತೆ ಅವಳನ್ನು ಕರೆದು, "ಗಂಡ ಮನೆಗೆ ಬಂದಿದಾನೆ, ಬೋಳು ಹಣೆ ಯಾಕೆ ಇಟ್ಕೊಂಡಿದೀಯ?" ಎಂದು ತಾವೇ ಕುಂಕುಮ ಇಟ್ಟರು. ಹಸಿರು ಬಳೆ ತೊಡಿಸಿದರು. ಮುಡಿಗೆ ಮಲ್ಲಿಗೆ ಬಂತು. ಇಪ್ಪತ್ತೆರಡು ವರ್ಷದ ಗಿರಿಜೆ ಕನ್ನಡಿಯ ಮುಂದೆ ನಿಂತು, ಇದು ಶುದ್ಧ ಸುಳ್ಳು ಎಂದು ತಿಳಿದೂ ತಿಳಿದೂ, ಹೂವನ್ನು ಸರಿಮಾಡಿಕೊಂಡಳು. ಬೀದಿಯಲ್ಲಿ ಯಾರೂ ಅವಳನ್ನು ಕಂಡು ಮುಖ ತಿರುಗಿಸಲಿಲ್ಲ. ರೇಡಿಯೊ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ಹೊಸಬರು ಯಾರೂ ಅವಳನ್ನು ವಿಧವೆ ಎಂದುಕೊಳ್ಳಲೇ ಇಲ್ಲ.

ಮಗು ಬೆಳೆಯಿತು. ಮಾತು ಬಂದ ಮೇಲೆ ಶಿವಗಂಗಮ್ಮ ಅದಕ್ಕೆ ಕಲಿಸಿದ ಮೊದಲ ಪಾಠ ಯಾರನ್ನು ಏನೆಂದು ಕರೆಯಬೇಕು ಎಂಬುದು. ಅಜ್ಜಿಯನ್ನು ಅವ್ವ ಎನ್ನಬೇಕು. ಅಪ್ಪನನ್ನು ಜಂಬ ಎನ್ನಬೇಕು. ದೊಡ್ಡಮ್ಮನನ್ನು ಗಿರಿ ಎನ್ನಬೇಕು. ಹೆತ್ತ ತಾಯಿಯನ್ನು ಜಯಾ ಎನ್ನಬೇಕು. ಮಗು ಅಪ್ಪಿತಪ್ಪಿ ಜಯದೇವಿಯನ್ನು ಅಮ್ಮ ಎಂದರೆ ಶಿವಗಂಗಮ್ಮ ಬೈಯುತ್ತಿರಲಿಲ್ಲ. ಮುಖ ಬಾಡಿಸಿಕೊಂಡು ಊಟ ಬಿಡುತ್ತಿದ್ದರು. ಆಗ ಜಂಬಣ್ಣ ಬಂದು, "ಒಂದು ಮಾತಿಗೆ ಯಾಕೆ ಅವ್ವನ್ನ ನೋಯಿಸ್ತೀಯ ಜಯಾ? ಕರೆದ್ರೆ ಕರೀಲಿ ಬಿಡು" ಎನ್ನುತ್ತಿದ್ದ. ಜಯದೇವಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಗಿರಿಜೆಗೆ ಆ ಅಳು ಕೇಳುತ್ತಿತ್ತು. ಕೇಳಿಯೂ ಅವಳು ಮರುದಿನ ಬೆಳಿಗ್ಗೆ ಹೂ ಮುಡಿದು ಕೆಲಸಕ್ಕೆ ಹೋಗುತ್ತಿದ್ದಳು.

ಐದು ತುಂಬುವ ಹೊತ್ತಿಗೆ ಸಿದ್ದು ಯಜಮಾನನಾಗಿದ್ದ. "ಗಿರೀ, ಕಾಲು ಒತ್ತು" ಎನ್ನುತ್ತಿದ್ದ. ಅವಳು ಒತ್ತುತ್ತಿದ್ದಳು. ಒಂದು ದಿನ ಹಾಲು ಬಿಸಿಯಾಗಿದೆ ಎಂದು ಕೆನ್ನೆಗೆ ಹೊಡೆದ. ಸಣ್ಣ ಕೈ, ಆದರೂ ಚುರ್ ಎಂದಿತು. ಶಿವಗಂಗಮ್ಮ ಬಾಯಿಗೆ ಸೆರಗು ಒತ್ತಿ ನಕ್ಕರು. "ಥೇಟ್ ಮೊದಲಿನ ಹಾಗೇ ಮುಂಗೋಪ ನೋಡು" ಎಂದರು. ಸಿದ್ದಬಸಪ್ಪ ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಗಿರಿಜೆಗೆ ಉರಿದದ್ದು ಕೆನ್ನೆಯಲ್ಲ. ಸತ್ತವನ ನೆನಪನ್ನು ಈ ಮನೆಯವರು ದಿನಕ್ಕಿಷ್ಟು ಅಳಿಸಿ ಬೇರೆ ಯಾರನ್ನೋ ಬರೆಯುತ್ತಿದ್ದಾರೆ ಎಂಬ ಸಂಕಟ. ಅವನ ನಗು ಹೇಗಿತ್ತೆಂದು ನೆನೆಯಹೋದರೆ ಈ ಹುಡುಗನ ಮುಖವೇ ಅಡ್ಡ ಬರುತ್ತಿತ್ತು.

ಕಾರ್ಖಾನೆಯಲ್ಲಿ ಮರಿಯಪ್ಪ ಎಂಬ ಫಿಟ್ಟರ್ ಇದ್ದ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕಡಿಮೆ ಮಾತಿನವನು, ಊಟದ ಡಬ್ಬಿಯಲ್ಲಿ ತಾನೇ ಮಾಡಿದ ಹುಳಿಯನ್ನ ತರುತ್ತಿದ್ದವನು. ಗಿರಿಜೆ ತನ್ನ ಕುಂಕುಮದ ಕಥೆಯನ್ನು ಮೊದಲ ಸಲ ಹೇಳಿದ್ದು ಅವನಿಗೆ. ಅವನು ನಗಲಿಲ್ಲ. "ನಿಮಗೆ ಕಷ್ಟ ಆಗಲ್ವಾ?" ಎಂದ. ಎಂಟು ವರ್ಷಗಳಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವನು ಅವರ ಜನವೇ ಆಗಿದ್ದ. ಅವರಲ್ಲಿ ವಿಧವೆಯನ್ನು ಮದುವೆಯಾಗುವುದು ಅಪರೂಪವೇ ಹೊರತು ಆಗಬಾರದ್ದೇನಲ್ಲ. ಗಿರಿಜೆ ಜಂಬಣ್ಣನ ಮುಂದೆ ಮಾತೆತ್ತಿದಳು.

"ನನ್ನ ಅಭ್ಯಂತರ ಏನೂ ಇಲ್ಲ ಅತ್ತಿಗೆ" ಎಂದ ಜಂಬಣ್ಣ. "ನಿಮಗೂ ಒಂದು ಬಾಳು ಬೇಕು. ಆದ್ರೆ ಅವ್ವ ಇರೋವರೆಗೂ ಸ್ವಲ್ಪ ತಡ್ಕೊಳ್ಳಿ. ಅವರ ನಂಬಿಕೆ ಮುರಿದ್ರೆ ಜೀವ ಹೋಗುತ್ತೆ."

"ಅವ್ವನಿಗೆ ಅರವತ್ತು. ಮಂಡಿನೋವು ಬಿಟ್ರೆ ಒಂದು ಕಾಯಿಲೆ ಇಲ್ಲ. ನಾನು ಎಲ್ಲಿವರೆಗೆ ತಡ್ಕೊಳ್ಳಲಿ?"

ಜಂಬಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ. ಹೊರಗೆ ಹೋಗುವಂಥ ಕೆಲಸವೇನೂ ಅವನಿಗೆ ಇರಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮರಿಯಪ್ಪನ ಅಕ್ಕ ಲಕ್ಷ್ಮಿದೇವಮ್ಮ ತಾನಾಗಿಯೇ ಮನೆಗೆ ಬಂದಳು. ಹಣ್ಣು, ಹೂವು, ಎಲೆ ಅಡಿಕೆ ತಂದಿದ್ದಳು. ಶಿವಗಂಗಮ್ಮ ಅವಳನ್ನು ಮರ್ಯಾದೆಯಿಂದ ಕೂರಿಸಿದರು, ಕಾಫಿ ಕೊಡಿಸಿದರು. ಬಂದ ವಿಷಯವನ್ನು ಪೂರ್ತಿ ಕೇಳಿದರು. ಆಮೇಲೆ ಅಂಗಳದಲ್ಲಿ ಗೋಲಿ ಆಡುತ್ತಿದ್ದ ಸಿದ್ದುವನ್ನು ಕರೆದು ಕೈಕುರ್ಚಿಯ ಮೇಲೆ ಕೂರಿಸಿದರು.

"ನನ್ನನ್ನ ಯಾಕಮ್ಮ ಕೇಳ್ತೀಯ? ಇವಳ ಗಂಡ ಇಲ್ಲೇ ಇದಾನೆ. ಅವನನ್ನೇ ಕೇಳು" ಎಂದರು. ಹುಡುಗನ ಕಡೆ ತಿರುಗಿ, "ನಮ್ಮಪ್ಪ ಸಿದ್ದಪ್ಪ, ನಿನ್ನ ಹೆಂಡ್ತೀನ ಬೇರೆಯೋನಿಗೆ ಕೊಡಬೇಕಂತೆ. ಕೊಡ್ತೀಯಾ?"

"ಕೊಡಲ್ಲ" ಎಂದ ಸಿದ್ದು.

"ಗಂಡ ಇರೋವಾಗ್ಲೇ ಇನ್ನೊಬ್ಬನ ಹತ್ರ ಹೋಗೋಳಿಗೆ ಏನು ಮಾಡಬೇಕು, ಹೇಳು?"

ಹುಡುಗ ಅಜ್ಜಿಯ ಕಣ್ಣನ್ನು ನೋಡಿದ. ಅಲ್ಲಿ ಉತ್ತರ ಇತ್ತು. ಕುರ್ಚಿಯಿಂದ ಇಳಿದು, ಬಾಗಿಲ ಬಳಿ ಬಿಟ್ಟಿದ್ದ ಅಪ್ಪನ ಚಪ್ಪಲಿ ಎತ್ತಿಕೊಂಡು ಬಂದು, ಗೋಡೆಗೆ ಒರಗಿ ನಿಂತಿದ್ದ ಗಿರಿಜೆಯ ಸೊಂಟಕ್ಕೆ, ತೊಡೆಗೆ, ಕೈಗೆ ಸಿಕ್ಕಲ್ಲಿ ಬಾರಿಸತೊಡಗಿದ. ನಗುತ್ತಲೇ ಹೊಡೆಯುತ್ತಿದ್ದ, ಅವನಿಗೆ ಅದು ಆಟ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಯದೇವಿ "ಸಿದ್ದೂ!" ಎಂದು ಚೀರಿದಳು. ಜಂಬಣ್ಣ ದಿನಪತ್ರಿಕೆಯಿಂದ ತಲೆ ಎತ್ತಿ, "ಸಾಕು ಬಿಡೋ" ಎಂದು ಮೆಲ್ಲಗೆ ಹೇಳಿದ. ಲಕ್ಷ್ಮಿದೇವಮ್ಮ ತಂದದ್ದನ್ನೆಲ್ಲ ಹಾಗೇ ಬಿಟ್ಟು ಎದ್ದು ಹೋದಳು.

ಅವಳು ಗೇಟು ದಾಟುವುದನ್ನು ನೋಡಿದ ಮೇಲೆ ಗಿರಿಜೆ ಹುಡುಗನ ಕೈಯಿಂದ ಚಪ್ಪಲಿ ಕಿತ್ತುಕೊಂಡು ನೆಲಕ್ಕೆ ಹಾಕಿದಳು. ದನಿ ಎತ್ತರಿಸಲಿಲ್ಲ.

"ಅತ್ತೆ, ಅವರು ಸತ್ತ ದಿನ ಕೆಂಗೇರಿಗೆ ಹೋಗ್ತಿರಲಿಲ್ಲ."

"ಅತ್ತಿಗೆ, ಬೇಡ" ಎಂದ ಜಂಬಣ್ಣ.

"ವಿಜಯನಗರಕ್ಕೆ ಹೋಗ್ತಿದ್ರು, ಬಾಡಿಗೆ ಮನೆ ನೋಡೋಕೆ. ನಿಮ್ಮ ಎಣ್ಣೆ ಅವರಿಗೆ ನೆನಪೂ ಇರಲಿಲ್ಲ. ನೀವು ಚಿಲಕ ಬಿಚ್ಚಿಸಿದ ದಿನದಿಂದ ಅವರು ನಿಮ್ಮ ಮುಖ ನೋಡಿ ಮನಸ್ಸಿಟ್ಟು ಒಂದು ಮಾತಾಡಲಿಲ್ಲ. 'ಈ ಮನೇಲಿ ಉಸಿರು ಕಟ್ಟುತ್ತೆ ಗಿರಿ, ಸಾಯೋದ್ರೊಳಗೆ ಅವ್ವನಿಂದ ತಪ್ಪಿಸ್ಕೋಬೇಕು' ಅಂದಿದ್ರು. ತಪ್ಪಿಸ್ಕೊಂಡು ಹೋಗೋವಾಗಲೇ ಸತ್ರು. ಅಂಥೋರು ನಿಮ್ಮ ಹತ್ರಾನೇ ವಾಪಸ್ ಹುಟ್ಟಿ ಬರ್ತಾರಾ? ಯೋಚನೆ ಮಾಡಿ."

ಹೇಳುತ್ತ ಹೇಳುತ್ತ ಗಿರಿಜೆಗೆ ಒಂದು ಬಗೆಯ ಸುಖವಾಯಿತು. ನೆತ್ತಿಗೆ ತಣ್ಣೀರು ಸುರಿದಂಥ ಸುಖ. ಅತ್ತೆಯ ಮುಖ ಬೂದಿಯಾಗುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಕೂಗಾಡುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ, ಕೊನೆಗೆ ನಂಬಿಕೆ ಒಡೆದು ಹುಡುಗ ಹುಡುಗನಾಗಿ ಉಳಿಯುತ್ತಾನೆ ಎಂದುಕೊಂಡಿದ್ದಳು.

ಶಿವಗಂಗಮ್ಮ ಕೂಗಾಡಲಿಲ್ಲ. ಜಂಬಣ್ಣನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. ಅಷ್ಟು ಸಾಕಾಯಿತು. ಆಮೇಲೆ ನಿಧಾನವಾಗಿ ಸಿದ್ದುವನ್ನು ಎಳೆದು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು:

"ಹೌದೇನೋ? ನನ್ನ ಬಿಟ್ಟು ಹೊರಟಿದ್ಯಾ?"

ಹುಡುಗ ಒಬ್ಬೊಬ್ಬರ ಮುಖವನ್ನೂ ನೋಡಿದ. ಈ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೆ ಮುದ್ದು ಸಿಗುತ್ತದೆಂದು ಅವನಿಗೆ ತಿಳಿಯಲಿಲ್ಲ. ಅವನ ಅನುಭವದಲ್ಲಿ ಅಜ್ಜಿ ಕೇಳಿದ್ದಕ್ಕೆಲ್ಲ ಹೌದು ಎಂದರೆ ಒಳ್ಳೆಯದಾಗುತ್ತಿತ್ತು. "ಹೂಂ ಅವ್ವ" ಎಂದ.

ಶಿವಗಂಗಮ್ಮ ಅವನ ಕೆನ್ನೆಗೆ ಹೊಡೆದರು. ಹುಟ್ಟಿದಂದಿನಿಂದ ಮೊದಲ ಏಟು. ಹುಡುಗನಿಗೆ ನೋವಿಗಿಂತ ಹೆಚ್ಚು ಆಶ್ಚರ್ಯವಾಯಿತು.

ನಂಬಿಕೆ ಒಡೆಯಲಿಲ್ಲ, ಅದು ಕಹಿಯಾಯಿತು, ಅಷ್ಟೆ. ಸಿದ್ದು ಅವರ ಪಾಲಿಗೆ ಈಗಲೂ ಸಿದ್ದಬಸಪ್ಪನೇ, ಆದರೆ ತಾಯಿಗಾಗಿ ಸತ್ತ ಮಗನಲ್ಲ, ತಾಯಿಯನ್ನು ಬಿಟ್ಟು ಓಡಿದ ಮಗ. ಮರುದಿನ ಅವನನ್ನು ಶಾಲೆಗೆ ಕಳಿಸಲಿಲ್ಲ. ಬೆಳಿಗ್ಗೆಯಿಂದ ಎದುರಿಗೆ ಕೂರಿಸಿಕೊಂಡು ಕೇಳಿದರು. ಯಾಕೆ ಹೊರಟೆ? ನಾನೇನು ಕಡಿಮೆ ಮಾಡಿದ್ದೆ? ಹುಡುಗ ಹಸಿವಾಗುವವರೆಗೆ ಸುಮ್ಮನಿದ್ದು, ಆಮೇಲೆ ಹೊಳೆದದ್ದು ಹೇಳತೊಡಗಿದ. ಗಿರಿ ಹೇಳಿಕೊಟ್ಟಳು ಎಂದ. ಅವ್ವ ಕೆಟ್ಟವಳು ಎಂದು ಗಿರಿ ಹೇಳಿದಳು ಎಂದ. ಲಾರಿ ಕೆಂಪಾಗಿತ್ತು, ಡ್ರೈವರ್‌ಗೆ ಮೀಸೆ ಇತ್ತು ಎಂದ. ಒಂದೊಂದು ಉತ್ತರಕ್ಕೂ ಮುದುಕಿ ತಲೆದೂಗುತ್ತಿದ್ದರು. ಅದನ್ನು ಮೆಚ್ಚುಗೆ ಎಂದುಕೊಂಡು ಹುಡುಗ ಇನ್ನಷ್ಟು ಹೇಳುತ್ತಿದ್ದ, ಮತ್ತೆ ಏಟು ತಿನ್ನುತ್ತಿದ್ದ. ಸ್ನಾನಕ್ಕೆ ಹೋಗುವಾಗ ಶಿವಗಂಗಮ್ಮ ಹಳೆಯ ಸೀರೆಯ ಅಂಚು ಹರಿದು ಅವನ ಕಾಲನ್ನು ಮಂಚದ ಕಾಲಿಗೆ ಬಿಗಿದು ಕಟ್ಟಿದರು. "ಈಗ ಹೆಂಗೆ ಹೋಗ್ತೀಯೋ ನೋಡ್ತೀನಿ."

ಇನ್ನೊಂದು ದಿನ ಬಿಡಿಸಲು ಬಂದ ಜಯದೇವಿಯ ಮುಂಗೈಗೆ ಅತ್ತೆಯ ಕೈಯಲ್ಲಿದ್ದ ಬಿಸಿ ಸೌಟು ತಾಗಿತು. ಬೇಕೆಂದು ತಾಗಿಸಿದ್ದಲ್ಲ, ಕೈತಪ್ಪಿ ತಾಗಿದ್ದು ಎಂದು ಜಂಬಣ್ಣ ಆಮೇಲೂ ವಾದಿಸುತ್ತಿದ್ದ.

ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಜಂಬಣ್ಣ ಗಿರಿಜೆಯ ಕಾಲು ಹಿಡಿಯುವುದೊಂದು ಬಾಕಿ. "ನೀವು ಹೇಳಿದ್ದು ಸುಳ್ಳು ಅಂತ ಹೇಳಿಬಿಡಿ ಅತ್ತಿಗೆ. ಸಿಟ್ಟಲ್ಲಿ ಅಂದೆ ಅನ್ನಿ. ಮಗುವಿನ ಗತಿ ನೋಡಿ."

"ಆವತ್ತು ಸುಳ್ಳು ಹುಟ್ಟಿಸಿದ್ದು ನೀವು."

"ಹೌದು. ನಾನು ಹೇಳಿದ್ರೆ ಈಗ ಅವ್ವ ನಂಬಲ್ಲ. ನೀವು ಹೇಳಿ."

ಗಿರಿಜೆ ಹೋದಳು. ಶಿವಗಂಗಮ್ಮ ಮಂಚದ ಮೇಲೆ, ಹುಡುಗ ಕೆಳಗೆ. ಅವನ ಕಾಲಿನ ಗಂಟು ಊದಿಕೊಂಡಿತ್ತು. ಗಿರಿಜೆ ಕೈಮುಗಿದು, "ತಪ್ಪಾಯ್ತು ಅತ್ತೆ. ನಾನು ಹೇಳಿದ್ದು ಸುಳ್ಳು. ಅವರು ನಿಮಗೆ ಎಣ್ಣೆ ತರೋಕೇ ಹೋಗಿದ್ರು" ಎಂದಳು.

ಶಿವಗಂಗಮ್ಮ ನಕ್ಕರು. "ನೀನು ಹೀಗೆ ಬಂದು ಹೇಳ್ತೀಯ ಅಂತ ಅವನೇ ಹೇಳಿದ್ದ. ಅಲ್ವೇನೋ?"

"ಹೂಂ" ಎಂದ ಹುಡುಗ. ಅವನ ದನಿ ಒಣಗಿತ್ತು.

ಆ ಕ್ಷಣದಲ್ಲಿ ಗಿರಿಜೆಗೆ ಸ್ಪಷ್ಟವಾದದ್ದು ಇದು: ತಾನು ಸತ್ಯ ಹೇಳಿದ್ದು ಈ ಮಗುವಿಗಾಗಿ ಅಲ್ಲ, ಜಯದೇವಿಗಾಗಿ ಅಲ್ಲ, ಸತ್ತವನ ಮಾನಕ್ಕಾಗಿಯೂ ಅಲ್ಲ. ಹೂವು ಬೇಕಾಗಿದ್ದಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು, ಬೇಡವಾದ ದಿನ ಬಾಯಿ ಬಿಟ್ಟಳು. ಅದರ ಏಟು ತಿನ್ನುತ್ತಿರುವವನು ಮಾತ್ರ ಬೇರೆ.

ಅವಳು ಅಡುಗೆಮನೆಗೆ ಹೋಗಿ ಈಳಿಗೆಮಣೆ ತಂದಳು. ಶಿವಗಂಗಮ್ಮ ಏಳುವಷ್ಟರಲ್ಲಿ ಮಂಚದ ಪಕ್ಕ ಕೂತು ಸೀರೆಯ ಅಂಚನ್ನು ಈಳಿಗೆಗೆ ಒತ್ತಿ ಕೊಯ್ದಳು. ಹುಡುಗ ಕಿರುಚಿಕೊಂಡ. "ಬಿಡು! ಅವ್ವ ಹೊಡೀತಾಳೆ! ನಾನು ಎಲ್ಲೂ ಹೋಗಲ್ಲ!" ಎನ್ನುತ್ತ ಗಿರಿಜೆಯ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದ. ಅವಳು ಬಿಡಲಿಲ್ಲ. ಮುದುಕಿ ಜುಟ್ಟು ಹಿಡಿದು ಎಳೆಯುತ್ತಿದ್ದರೂ ಹುಡುಗನನ್ನು ಎತ್ತಿ ಜಯದೇವಿಯ ತೋಳಿಗೆ ಹಾಕಿ, "ನಡಿ. ನಿನ್ನ ತೌರಿಗೆ ನಡಿ. ಬಟ್ಟೆ ಆಮೇಲೆ ಕಳಿಸ್ತೀನಿ" ಎಂದಳು. ಜಯದೇವಿ ಚಪ್ಪಲಿಯಿಲ್ಲದ ಕಾಲಲ್ಲಿ, ಒದ್ದಾಡುವ ಮಗನನ್ನು ಅವುಚಿಕೊಂಡು, ಬೀದಿಯ ಜನ ನೋಡುತ್ತಿರುವಂತೆಯೇ ಮುಖ್ಯರಸ್ತೆಯ ಕಡೆ ಓಡಿದಳು. ಅಂದೇ ದಾವಣಗೆರೆಯ ಬಸ್ಸು ಹತ್ತಿದಳು.

ಗಿರಿಜೆಯೂ ಆ ಮನೆಯಲ್ಲಿ ಉಳಿಯಲಿಲ್ಲ. ಲಕ್ಷ್ಮಿದೇವಮ್ಮ ಮೊದಲು ಒಪ್ಪಲಿಲ್ಲವಾದರೂ ಮರಿಯಪ್ಪ ಹಟ ಹಿಡಿದ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಆಯಿತು, ವಿಜಯನಗರದಲ್ಲಿ ಸಂಸಾರ ಹೂಡಿದರು. ಅವನು ಒಳ್ಳೆಯವನು. ಆದರೆ ಅವನು ತಮಾಷೆಗೆ ಕೈ ಎತ್ತಿದರೂ ಗಿರಿಜೆ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಬರಬರುತ್ತ ಅವನು ತಮಾಷೆ ಮಾಡುವುದನ್ನೇ ಬಿಟ್ಟ.

ಶಿವಗಂಗಮ್ಮ ಮುಂದಿನ ಬೇಸಿಗೆಯವರೆಗೆ ಬದುಕಿದ್ದರು. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ಮಗ ಎರಡನೇ ಸಲವೂ ಬಿಟ್ಟು ಹೋದ ಎನ್ನುತ್ತಿದ್ದರು. ಸತ್ತ ಸುದ್ದಿ ತಂದವನು ಜಂಬಣ್ಣನೇ. ಬಾಗಿಲಲ್ಲಿ ನಿಂತು, "ನೀವು ಆವತ್ತು ಬಾಯಿ ಬಿಡದೆ ಇದ್ದಿದ್ರೆ ಇನ್ನೂ ಹತ್ತು ವರ್ಷ ನೆಮ್ಮದಿಯಾಗಿ ಇರ್ತಿದ್ರು ಅತ್ತಿಗೆ" ಎಂದ.

"ಇರ್ತಿದ್ರು" ಎಂದಳು ಗಿರಿಜೆ.

ಅವಳು ಹೋಗಿ ನೋಡಿದಾಗ, ಅವರ ಪದ್ಧತಿಯಂತೆ ಶಿವಗಂಗಮ್ಮನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂವು, ಕೈಯಲ್ಲಿ ಲಿಂಗ. ಮಾತು ಕೇಳಿಸಿಕೊಳ್ಳುತ್ತಿರುವವರ ಹಾಗೆ ತಲೆ ಸ್ವಲ್ಪ ವಾಲಿತ್ತು. ಜಯದೇವಿ ಸಿದ್ದುವನ್ನು ತೌರಿನಲ್ಲೇ ಬಿಟ್ಟು ಬಂದು ಒಂದೆರಡು ತಿಂಗಳಾಗಿತ್ತು. ಗಂಡನ ಜೊತೆ ರಾಜಿಯಾಗಿತ್ತು. ಅವಳು ಮತ್ತೆ ಬಸುರಿ. ಅಂದಷ್ಟೇ ತೌರಿನವರು ಕರೆತಂದಿದ್ದ ಸಿದ್ದು ಹೊಸಿಲ ಆಚೆ ಕಂಬವನ್ನು ತಬ್ಬಿಕೊಂಡು ನಿಂತಿದ್ದ. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. ಗಿರಿಜೆಯನ್ನು ನೋಡಿ ಪಿಸುಗುಟ್ಟಿದ.

"ದೊಡ್ಡಮ್ಮ, ಕೂತಿದಾಳಲ್ಲ. ಎದ್ದು ಬರ್ತಾಳಾ?"

"ಇಲ್ಲ ಕಣೋ. ಸತ್ತೋರು ಯಾರೂ ಬರಲ್ಲ."

"ಅಮ್ಮನ ಹೊಟ್ಟೆಗೂ ಬರಲ್ವಾ?"

"ಎಲ್ಲಿಗೂ ಬರಲ್ಲ."

ಹಿಂದೆ ಕೂತಿದ್ದ ನೆಂಟರ ಮುದುಕಿ ರಾಮಕ್ಕ ಕೇಳಿಸಿಕೊಂಡಳು. ಅಳುಮೊಗದ ಹುಡುಗನನ್ನು ಕಂಡು ಅವಳಿಗೆ ಕರುಳು ಚುರ್ರೆಂದಿತು. "ಮಗು ಮುಂದೆ ಹಾಗನ್ನಬಾರದು ಕಣೇ" ಎಂದು ಗಿರಿಜೆಯನ್ನು ಗದರಿ, ಸಿದ್ದುವಿನ ಗಲ್ಲ ಹಿಡಿದು ಮುದ್ದಿನಿಂದ ಹೇಳಿದಳು: "ಅಜ್ಜಿ ಎಲ್ಲಿ ಹೋಗ್ತಾಳೆ ನನ್ನಪ್ಪ? ನಿನ್ನ ಬಿಟ್ಟಿರೋಕಾಗುತ್ತಾ ಅವಳಿಗೆ? ತಂಗಿಯಾಗಿ ನಿಮ್ಮ ಮನೆಗೇ ಬರ್ತಾಳೆ ನೋಡ್ತಾ ಇರು."

ಸಿದ್ದುವಿನ ಚಡ್ಡಿ ಒದ್ದೆಯಾಯಿತು. ಕಾಲಗುಂಟ ಇಳಿದು ಹೊಸಿಲ ಬಳಿ ಮಡುಗಟ್ಟಿತು. ಅವನು ಅಳಲಿಲ್ಲ, ಅಲುಗಾಡಲಿಲ್ಲ.

ಗಿರಿಜೆ ಅವನನ್ನು ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದಳು. ಎಂಟು ವರ್ಷದ ಹುಡುಗ ಭಾರವಾಗಿದ್ದ. ಚಡ್ಡಿ ಬಿಚ್ಚಿ ಕಾಲು ತೊಳೆಯುವಾಗ ಅವನು ಕೇಳಿದ, "ಆ ಅಜ್ಜಿ ಹೇಳಿದ್ದು ಸುಳ್ಳು ಅಲ್ವಾ?"

"ಸುಳ್ಳು. ನಾನು ಹೇಳಿದ್ದೇ ನಿಜ."

ಹುಡುಗ ಅವಳ ಮುಖವನ್ನೇ ನೋಡಿದ. "ನೀನು ಹೇಳಿದ್ದು ಸುಳ್ಳು ಅಂತ ನೀನೇ ಕೈಮುಗಿದು ಹೇಳಿದ್ಯಲ್ಲ ದೊಡ್ಡಮ್ಮ, ಅವ್ವನ ಮುಂದೆ."

ಗಿರಿಜೆ ಬೊಗಸೆಯಲ್ಲಿ ನೀರು ಹಿಡಿದು ಅವನ ಇನ್ನೊಂದು ಕಾಲನ್ನು ತೊಳೆದಳು.